ಹೆಜ್ಜೇನುಗಲ್ಲಿನ ಗೂಡುಗಳು

ಕಸ ಗುಡಿಸಲು ಮಗನ ಕೋಣೆಯ ಬಾಗಿಲು ತೆಗೆದ ಕಲ್ಯಾಣಮ್ಮ ಪೊರಕೆ ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತುಬಿಟ್ಟರು. ನೆಲದ ಮೇಲೆ, ಕಿಟಕಿಯ ಸರಳುಗಳ ಮೇಲೆ, ಗೋಡೆಯ ಫೋಟೋಗೆ ಹಾಕಿದ ಹಾರದ ಮೇಲೆ ಅಂಗೈಯಗಲದ ಕಂದು ಪತಂಗಗಳು ಕೂತಿದ್ದವು. ಒಂದೊಂದು ರೆಕ್ಕೆಯ ಮೇಲೂ ಕನ್ನಡಿ ಚೂರಿನಂಥ ದುಂಡು ಕಣ್ಣು. ಒಂದು ಮಾತ್ರ ದೀಪಕ್ಕೆ ಬಿದ್ದು ರೆಕ್ಕೆ ಸುಟ್ಟುಕೊಂಡು ಹಣತೆಯ ಪಕ್ಕದಲ್ಲೇ ಸತ್ತಿತ್ತು.

"ತುಂಗಾ, ಬಾರೇ ಇಲ್ಲಿ. ನಿಮ್ಮಣ್ಣನ ಹುಳ ಎದ್ದಾವೆ."

ತುಂಗಾ ಅಡುಗೆಮನೆಯಿಂದ ಓಡಿಬಂದಳು. ನೋಡಿದವಳು ಹಣತೆಯ ಕಡೆ ತಿರುಗಿ ಅಲ್ಲೇ ನಿಂತಳು. ಅದು ೧೯೭೬ರ ಫೆಬ್ರವರಿ. ರಾಜಾಜಿನಗರದಲ್ಲಿ ಬೆಳಗಿನ ಹೊತ್ತು ಜನ ಇನ್ನೂ ಸ್ವೆಟರ್ ಹಾಕಿಕೊಂಡೇ ಹಾಲಿಗೆ ನಿಲ್ಲುತ್ತಿದ್ದರು. ಈ ಕಾಡುರೇಷ್ಮೆಯ ಹುಳುಗಳು ಕಾರ್ತೀಕದಲ್ಲಿ ಗೂಡು ಕಟ್ಟಿಕೊಂಡು ಒಳಗೆ ಮಲಗಿದರೆ ಏಳುವುದು ಮುಂಗಾರಿಗೆ. ಅಲ್ಲಿಯವರೆಗೆ ಊಟವಿಲ್ಲ, ಅಲುಗಾಟವಿಲ್ಲ, ಉಸಿರು ಇದ್ದೂ ಇಲ್ಲದಂತೆ. ಪುಸ್ತಕಗಳಲ್ಲಿ ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ರೇವಣ ಮಾತ್ರ ನಿದ್ದೆ ಎಂದೇ ಕರೆಯುತ್ತಿದ್ದ.

ರೇವಣಸಿದ್ದಯ್ಯ ತುಂಗಾಳ ಅಣ್ಣ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ತುಂಗಾ ಅದೇ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿ ಅವನ ಜೊತೆಗೇ ಕೆಲಸಕ್ಕೆ ನಿಂತವಳು. ಅವನನ್ನು ಕಾಡಿದ್ದು ಒಂದೇ ಪ್ರಶ್ನೆ. ಗೂಡಿನೊಳಗಿನ ಹುಳುವಿಗೆ ಏಳುವ ಹೊತ್ತಾಯಿತೆಂದು ತಿಳಿಸುವುದು ಯಾವುದು, ಬಿಸಿಲಿನ ಕಾವೋ ಹಗಲಿನ ಉದ್ದವೋ? ದೂರದ ಉತ್ತರದಲ್ಲಿ ಬೇಸಿಗೆಯ ಹಗಲು ಬಹಳ ಉದ್ದ, ಚಳಿಗಾಲದ್ದು ಬಹಳ ಗಿಡ್ಡ. ಅಲ್ಲಿನ ಹುಳುಗಳು ಹಗಲನ್ನು ಅಳೆದು ಮಲಗುತ್ತವೆ, ಅಳೆದೇ ಏಳುತ್ತವೆ ಎಂಬುದು ಆಗಲೇ ಗೊತ್ತಿದ್ದ ಸಂಗತಿ. ನಮ್ಮ ಕಡೆ ಹಾಗಲ್ಲ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ತಾಸಿನ ಮೇಲೆ ಚೂರುಪಾರು ವ್ಯತ್ಯಾಸ. "ಮನುಷ್ಯರಿಗೇ ಗೊತ್ತಾಗಲ್ಲ. ಹುಳಕ್ಕೆ ಗೊತ್ತಾಗುತ್ತಾ?" ಎಂದು ರೇವಣ ಊಟದ ತಟ್ಟೆಯ ಮುಂದೆಯೂ ಕೇಳುತ್ತಿದ್ದ.

ಅದಕ್ಕಾಗಿ ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಗೂಡುಗಳನ್ನು ಮೂರು ಪಾಲು ಮಾಡಿದ್ದ. ಒಂದು ಪಾಲು ಡೆಹರಾಡೂನಿನ ಗೆಳೆಯನಿಗೆ ಹೋಯಿತು. ಒಂದನ್ನು ಮನೆಯ ಈ ಕೋಣೆಯಲ್ಲಿ ತೂಗುಹಾಕಿದ. ಇನ್ನೊಂದನ್ನು ಮಾಗಡಿ ರಸ್ತೆಯಾಚೆಯ ಹೆಜ್ಜೇನುಗಲ್ಲು ಬೆಟ್ಟದ ಗವಿಯಲ್ಲಿ ಇಟ್ಟ. ಆ ಗವಿಯ ಬಾಯಿಗೆ ಆಕಾಶದ ಬೆಳಕು ಪೂರ್ತಿ ಬೀಳುತ್ತದೆ, ಬೇಸಿಗೆಯ ಕಾವು ಮಾತ್ರ ಒಳಗೆ ಹೋಗುವುದಿಲ್ಲ. ಹಗಲು ಒಂದೇ, ಕಾವು ಬೇರೆ. ಯಾವುದು ಮೊದಲು ಏಳುತ್ತದೋ ನೋಡೋಣ ಎಂಬುದು ಅವನ ಲೆಕ್ಕ. ಮಾರ್ಗಶಿರದ ಒಂದು ಬೆಳಗ್ಗೆ ಗೂಡುಗಳನ್ನಿಟ್ಟು ಇಳಿಯುವಾಗ, ಮಂಜಿಗೆ ಒದ್ದೆಯಾಗಿದ್ದ ಬಂಡೆಯ ಮೇಲೆ ಕಾಲು ಜಾರಿತು. ಇನ್ನು ಕಷ್ಟದ ಜಾಗ ಮುಗಿಯಿತೆಂದು ಅವನು ಸೊಂಟದ ಹಗ್ಗ ಬಿಚ್ಚಿದ್ದ. ಮನೆಗೆ ಬಂದದ್ದು ಹೆಣ.

ಕತ್ತಲಾದ ಮೇಲೆ ಯಾರೂ ಅಪ್ಪಿತಪ್ಪಿಯೂ ಕೋಣೆಯಲ್ಲಿ ಬೆಳಕು ಮಾಡಬಾರದೆಂದು ರೇವಣ ಬಲ್ಬನ್ನೇ ಕಿತ್ತಿಟ್ಟಿದ್ದ. ಏಕೆಂದು ತಾಯಿಗೆ ಹೇಳಿರಲಿಲ್ಲ. ಶಿವಗಣಾರಾಧನೆ ಮುಗಿದ ಸಂಜೆ ಕಲ್ಯಾಣಮ್ಮ ಇದೇ ಹೊಸ್ತಿಲಲ್ಲಿ ನಿಂತು, "ನನ್ನ ಮಗನ ಕೋಣೇಲಿ ಒಂದು ಬೆಳಕಿಲ್ಲ" ಎಂದು ಅತ್ತು, ಫೋಟೋದ ಕೆಳಗೆ ಹರಳೆಣ್ಣೆಯ ದೀಪ ಹಚ್ಚಿಟ್ಟರು. ಅಂದಿನಿಂದ ಅದು ಆರಿರಲಿಲ್ಲ. ಗೂಡುಗಳ ಸರ ತೂಗುತ್ತಿದ್ದದ್ದು ಅದರ ಪಕ್ಕದ ಮೊಳೆಗೇ. ತುಂಗಾ ದಿನವೂ ಆ ದೀಪ ನೋಡಿದ್ದಳು, ಎಣ್ಣೆಯನ್ನೂ ಹಾಕಿದ್ದಳು. ಅವಳಿಗೆ ಅದು ಅಣ್ಣನ ದೀಪವಾಗಿ ಕಂಡಿತ್ತೇ ಹೊರತು ಬೆಳಕಾಗಿ ಕಂಡಿರಲಿಲ್ಲ.

"ಯಾಕೆ ಹಂಗೆ ನಿಂತೆ? ನನ್ನ ದೀಪಕ್ಕೇ ಎದ್ದವಾ?" ಕಲ್ಯಾಣಮ್ಮ ಕೇಳಿದರು.

"ಇರಬಹುದು ಅವ್ವ."

"ಹಂಗಾದ್ರೆ ಅವನು ಪಟ್ಟ ಕಷ್ಟ ಎಲ್ಲಾ ನಾನೇ ಕೆಡಿಸಿದೆ."

ತುಂಗಾ ಗೂಡುಗಳ ಪಕ್ಕದಲ್ಲೇ ಗೋಡೆಗೆ ತೂಗುಹಾಕಿದ್ದ ಉಷ್ಣಮಾಪಕದ ಹತ್ತಿರ ಹೋದಳು. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಗಾಜಿನ ಕೊಳವೆ. ಒಳಗೆ ಎರಡು ಪುಟ್ಟ ಉಕ್ಕಿನ ಕಡ್ಡಿಗಳು. ಕಾವು ಅತಿ ಹೆಚ್ಚು ಎಲ್ಲಿಗೇರಿತ್ತು, ಅತಿ ಕಡಿಮೆ ಎಲ್ಲಿಗಿಳಿದಿತ್ತು ಎಂದು ತೋರಿಸುತ್ತ ಆ ಕಡ್ಡಿಗಳು ನಿಂತಲ್ಲೇ ನಿಂತಿರುತ್ತವೆ. ಹಣತೆಯ ಬಿಸಿ ಗೂಡುಗಳಿಗೆ ತಾಕಿರಲಿಲ್ಲ. ಚಳಿಯಲ್ಲೇ ಹುಳುಗಳು ಎದ್ದಿದ್ದವು. ಗವಿಯಲ್ಲೂ ಇಂಥದೇ ಒಂದು ಉಷ್ಣಮಾಪಕವಿತ್ತು.

"ಅವ್ವ," ಎಂದಳು ಮೆಲ್ಲಗೆ. "ಚಳಿಗಾಲದಲ್ಲಿ ಮನೆಗೂ ಗವಿಗೂ ಚಳಿ ಒಂದೇ ಇದ್ದಿರಬೇಕು. ಇಲ್ಲಿ ಹೆಚ್ಚಾಗಿ ಇದ್ದದ್ದು ನಿನ್ನ ದೀಪ ಒಂದೇ. ಗವಿಯಲ್ಲಿರೋವು ಇನ್ನೂ ಮಲಗಿದ್ರೆ, ಇವನ್ನ ಎಬ್ಬಿಸಿದ್ದು ಬೆಳಕೇ ಅಂತ ಆಗುತ್ತೆ. ಅಣ್ಣ ಕೇಳಿದ್ದಕ್ಕೆ ಅದೇ ಉತ್ತರ. ಏನೂ ಕೆಟ್ಟಿಲ್ಲ."

"ಅವೂ ಎದ್ದಿದ್ರೆ?"

"ಆಗ ಏನೂ ಹೇಳೋಕೆ ಬರಲ್ಲ."

ಕಲ್ಯಾಣಮ್ಮ ಪೊರಕೆ ಗೋಡೆಗೊರಗಿಸಿ ಕೂತರು.

"ಆ ಬೆಟ್ಟಕ್ಕೆ ನಿನ್ನನ್ನೂ ಕಳಿಸಬೇಕಾ ನಾನು?" ಎಂದರು. ಆಮೇಲೆ ತಾವೇ, "ವೆಂಕಟಸ್ವಾಮೀನ ಕರಕೊಂಡು ಹೋಗು. ಕೆಳಗೆ ಬರೋತನಕ ಹಗ್ಗ ಮಾತ್ರ ಬಿಚ್ಚಬ್ಯಾಡ."

ವೆಂಕಟಸ್ವಾಮಿ ರೇವಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫೋರ್ಮನ್. ದಪ್ಪ ಮೈ, ದೊಡ್ಡ ಗಂಟಲು. ತುಂಗಾ ಹೇಳಿದ್ದನ್ನೆಲ್ಲ ಕೇಳಿ ಅವನು ಟೀ ಲೋಟ ಕೆಳಗಿಟ್ಟ.

"ಬೇಸಿಗೆ ಬಿಸಿಲು ಏರೋಕೆ ಮುಂಚೆ ಹೋಗಬೇಕು ವೆಂಕಟಣ್ಣ. ಕಾವು ಹತ್ತಿದ ಮೇಲೆ ಎದ್ದರೆ ಯಾತರಿಂದ ಎದ್ದವು ಅಂತ ಗೊತ್ತಾಗಲ್ಲ."

"ನಾಳೆ ಭಾನುವಾರ. ನಾಳೇನೇ ಹೋಗೋಣ. ಮೋಟಾರ್ ಎತ್ತೋ ಮನಿಲಾ ಹಗ್ಗ ಇದೆ, ಕೇಳಿ ತರ್ತೀನಿ. ಆದ್ರೆ ನೋಡು, ನನ್ನ ಹೊಟ್ಟೆ ಆ ಗವಿ ಬಾಯಲ್ಲಿ ಸಿಕ್ಕಿಹಾಕ್ಕೊಂಡ್ರೆ ಕ್ರೇನ್ ತರಿಸಬೇಕಾಗುತ್ತೆ. ನಾನು ಮೇಲೆ ಹಿಡ್ಕೋತೀನಿ. ಇಳಿಯೋದು ನೀನೇ."

"ಇಳೀತೀನಿ."

"ಅವನೂ ನನ್ನ ಕರೆದಿದ್ದ," ಎಂದ ವೆಂಕಟಸ್ವಾಮಿ, ಲೋಟದ ಕಡೆ ನೋಡುತ್ತ. "ಅವತ್ತು ಶಿಫ್ಟ್ ಇತ್ತು."

ಮರುದಿನ ಮುಂಜಾನೆ ಮಾಗಡಿ ರೋಡಿನ ಟೋಲ್‌ಗೇಟಿನಲ್ಲಿ ಬಸ್ಸು ಹತ್ತಿದರು. ತುಂಗಾಳ ಚೀಲದಲ್ಲಿ ಅವ್ವ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ವೆಂಕಟಸ್ವಾಮಿಯ ತೊಡೆಯ ಮೇಲೆ ಹೆಬ್ಬಾವಿನಂತೆ ಸುತ್ತಿ ಕೂತ ಹಗ್ಗ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ. ಸುಂಕದಕಟ್ಟೆ ದಾಟಿದ ಮೇಲೆ ಪೇಟೆಯ ಕುರುಹು ಹಿಂದೆ ಉಳಿಯಿತು. ರಾಗಿ ಕೊಯ್ದ ಹೊಲಗಳಲ್ಲಿ ಕೂಳೆ ಮಾತ್ರ ನಿಂತಿತ್ತು, ಬಣವೆಗಳ ಮೇಲೆ ಇಬ್ಬನಿ ಹೊಗೆಯಾಡುತ್ತಿತ್ತು. ಹುಣಸೆಮರಗಳ ಸಾಲು ಮುಗಿದಲ್ಲೆಲ್ಲ ದೂರದಲ್ಲಿ ಕಲ್ಲುಬೆಟ್ಟಗಳು ಒಂದೊಂದಾಗಿ ತಲೆಯೆತ್ತಿ ನೋಡಿ ಮತ್ತೆ ಅಡಗುತ್ತಿದ್ದವು. ಇದೇ ಕಿಟಕಿಯಿಂದ ಇದನ್ನೆಲ್ಲ ಅಣ್ಣ ನೋಡಿದ್ದ, ಹೋಗುವಾಗ ಮಾತ್ರ.

ಬೆಟ್ಟದ ಬುಡದ ಹಳ್ಳಿಯಲ್ಲಿ ಕೆಂಪಯ್ಯನ ಮನೆ. ಮೇಕೆ ಕಾಯುವವನು, ಮಾರ್ಗಶಿರದಲ್ಲಿ ರೇವಣನ ಜೊತೆ ಹೋಗಿದ್ದವನು ಅವನೇ. ಪಟ್ಟಣದ ಹೆಣ್ಣುಮಗಳೊಬ್ಬಳು ಗೂಡು ಹುಡುಕಿಕೊಂಡು ಬಂದದ್ದು ಕೇಳಿ ಅವನಿಗೆ ನಗು ಬಂತು.

"ಹುಳಕ್ಕೆ ಅಂತ ಬೆಂಗ್ಳೂರಿಂದ ಬಂದ್ರಾ ತಾಯಿ? ನಮ್ಮನೆ ಅವರೆಕಾಯಿ ಸುಲೀತಾ ಕೂತಿದ್ರೆ ಬೊಗಸೆಗಟ್ಲೆ ಸಿಗ್ತಿತ್ತಲ್ಲ."

"ನಾನು ರೇವಣಸಿದ್ದಯ್ಯನ ತಂಗಿ," ಎಂದಳು ತುಂಗಾ.

ಕೆಂಪಯ್ಯನ ಮುಖ ಇಳಿಯಿತು. ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದ. "ಅಯ್ನೋರ ತಂಗೀರಾ? ಗೊತ್ತಾಗ್ಲಿಲ್ಲ ತಾಯಿ. ತಪ್ಪು ತಿಳ್ಕೋಬ್ಯಾಡಿ." ಬೆಟ್ಟದ ಕಡೆ ಕೈ ತೋರಿಸಿದ. "ನಡೀರಿ, ತಡ ಮಾಡಂಗಿಲ್ಲ. ಪಡುವಲ ಕಡೆ ಹಳ್ಳಿಯೋರು ಇವತ್ತು ಹುಲ್ಲಿಗೆ ಬೆಂಕಿ ಇಡ್ತಾರೆ. ಹೊಸ ಚಿಗುರು ಬರ್ಲಿ ಅಂತ ವರ್ಷಾ ವರ್ಷಾ ಇಡೋದೇಯ."

"ಸಂಜೆಗೆ ತಾನೆ?" ವೆಂಕಟಸ್ವಾಮಿ ಕೇಳಿದ.

"ಸಂಜೆ ಅಂತಾರೆ. ಬೆಂಕಿಯಲ್ಲ, ಹೊಗೆ ಭಯ ಸ್ವಾಮಿ. ಗವಿ ಪಕ್ಕದಲ್ಲಿ ಹೆಜ್ಜೇನು ಕಟ್ಟೈತೆ. ಹೊಗೆ ಮೂಗಿಗೆ ಬಡೀತು ಅಂದ್ರೆ ಅವು ಯಾರ ಮಾತೂ ಕೇಳಲ್ಲ."

ಒಳಗೆ ಹೋಗಿ ಒಂದು ಕರಿ ಕಂಬಳಿ ತಂದು ತುಂಗಾಳ ಕೈಗೆ ಕೊಟ್ಟ. "ಇದು ನಿಮ್ಮತ್ರ ಇರ್ಲಿ."

ಮೊದಲು ಕುರುಚಲು ಕಾಡು. ಎಲಚಿ, ಕಾರೆ, ಜಾಲಿ. ಸೀರೆ ಕಚ್ಚೆ ಹಾಕಿ ಕಟ್ಟಿದ್ದರೂ ತುಂಗಾಳ ಸೆರಗಿಗೆ ಹೆಜ್ಜೆ ಹೆಜ್ಜೆಗೂ ಮುಳ್ಳು. ಈ ಎಲಚಿ ಗಿಡಗಳಲ್ಲೇ ರೇವಣ ಮೊದಲ ಗೂಡು ಕಂಡದ್ದು. ಒಣಗಿದ ಹಣ್ಣಿನಂತೆ ರೆಂಬೆಗೆ ತೊಟ್ಟು ಕಟ್ಟಿ ತೂಗುತ್ತಿತ್ತಂತೆ. ಕುರುಚಲು ಮುಗಿದು ಎದೆಯೆತ್ತರದ ಬಾದೆಹುಲ್ಲು ಬಂತು. ಒಣಗಿ ಬೆಂಕಿಕಡ್ಡಿಯಂತಾದ ಹುಲ್ಲು, ಗಾಳಿಗೆ ಇಡೀ ಇಳಿಜಾರು ಸರಸರ ಎಂದು ಸದ್ದು ಮಾಡುತ್ತಿತ್ತು. ಅದರ ಮೇಲೆ ಬೋಳು ಬಂಡೆ. ಆನೆಯ ಬೆನ್ನಿನಂತೆ ಉಬ್ಬಿ ನೆತ್ತಿಯವರೆಗೂ ಹೋಗಿ ಆಕಾಶಕ್ಕೆ ಸೇರಿಕೊಂಡಿತ್ತು.

ಬಂಡೆಯ ಅರ್ಧದಲ್ಲಿ ಕೆಂಪಯ್ಯ ನಿಂತ. ಕಲ್ಲಿನ ಮೇಲೆ ಮೂರು ಬೆರಳಿನ ವಿಭೂತಿ ಗೆರೆಗಳಿದ್ದವು, ಅರ್ಧ ಅಳಿಸಿದ್ದವು.

"ಇಲ್ಲೇ ಬಿದ್ದಿದ್ದು. ಅಯ್ನೋರು ಅಲ್ವಾ, ಅದಕ್ಕೆ ಬಳ್ದೆ," ಎಂದ. "ಮಂಜಿಗೆ ಅಳ್ಸೋಗ್ತದೆ. ಬಂದಾಗೆಲ್ಲಾ ಮತ್ತೆ ಬಳೀತೀನಿ."

ತುಂಗಾ ಬಗ್ಗಿ ಕಲ್ಲು ಮುಟ್ಟಿದಳು. ಎಷ್ಟು ನುಣುಪು. ಬೂದುಬಣ್ಣದ ಕಲ್ಲುಹೂವು ಸುತ್ತಲೂ ಹಬ್ಬಿತ್ತು. ಇಂಥ ಸಾಧಾರಣ ಜಾಗ. ನೋಡಿದರೆ ಯಾರಿಗೂ ಭಯ ಹುಟ್ಟುವಂಥದಲ್ಲ. ಅದಕ್ಕೇ ಅಣ್ಣನೂ ಹಗ್ಗ ಬಿಚ್ಚಿದ್ದ.

"ನಡಿ ತುಂಗಾ," ಎಂದ ವೆಂಕಟಸ್ವಾಮಿ.

ನೆತ್ತಿಯ ಮೇಲೆ ಮಳೆನೀರು ನಿಂತ ಒಂದು ದೊಣೆ, ಪಕ್ಕದಲ್ಲಿ ಮೊಳಕಾಲೆತ್ತರದ ಒಂದು ಗುಂಡುಕಲ್ಲು. ಆ ಕಲ್ಲಿಗೆ ಹಗ್ಗ ಸುತ್ತಿ, ಒಂದು ತುದಿ ತನ್ನ ಕೈಲಿಟ್ಟುಕೊಂಡು, ಇನ್ನೊಂದು ತುದಿಯನ್ನು ವೆಂಕಟಸ್ವಾಮಿ ತುಂಗಾಳ ಸೊಂಟಕ್ಕೂ ಹೆಗಲಿಗೂ ಬಿಗಿದ. ಗಂಟನ್ನು ಮತ್ತೆ ಮತ್ತೆ ಎಳೆದು ನೋಡಿದ.

"ಕೂಗಬೇಡ, ಜೇನು ಇದೆ. ಒಂದು ಸಲ ಜಗ್ಗಿದ್ರೆ ಬಿಡ್ತೀನಿ. ಎರಡು ಸಲ ಜಗ್ಗಿದ್ರೆ ಎತ್ತುತೀನಿ. ಕಾರ್ಖಾನೇಲಿ ಹಿಂಗೇ ಮಾಡೋದು. ಇಲ್ಲೀತನಕ ಒಂದು ಮೋಟಾರೂ ಬೀಳಿಸಿಲ್ಲ."

"ಮೋಟಾರಿಗೆ ಕಾಲಿಲ್ಲ ವೆಂಕಟಣ್ಣ, ಅದು ಒದ್ದಾಡಲ್ಲ."

"ನೀನೂ ಒದ್ದಾಡಬೇಡ."

ಅವಳು ಬಂಡೆಯ ಅಂಚಿಗೆ ಬೆನ್ನು ಕೊಟ್ಟು ಇಳಿದಳು.

ಕಾಲ ಕೆಳಗೆ ಗಾಳಿ. ಅದರ ಕೆಳಗೆ, ತೀರ ಕೆಳಗೆ, ಹಸಿರು ಚುಕ್ಕೆಗಳಾದ ಮರಗಳು.

ಎಡಗಡೆ ಚಾಚಿದ ಬಂಡೆಯ ತಳದಲ್ಲಿ ಹೆಜ್ಜೇನಿನ ತಟ್ಟಿಗಳು ತೂಗುತ್ತಿದ್ದವು. ಒಂದೊಂದೂ ಮೊರದಷ್ಟು ಅಗಲ, ಕಪ್ಪು, ಜೀವಂತ. ಆಗಾಗ ಒಂದರ ಮೇಲೆ ನೀರಿನ ಅಲೆಯಂತೆ ಏನೋ ಹರಿದುಹೋಗುತ್ತಿತ್ತು. ತುಂಗಾ ಅತ್ತ ನೋಡುವುದನ್ನು ಬಿಟ್ಟಳು.

ಕಾಲಿಗೆ ಕಲ್ಲು ಸಿಕ್ಕಿತು. ಗವಿ.

ಒಳಗೆ ತಂಪು. ತೆವಳಿಕೊಂಡು ಎರಡು ಮಾರು ಹೋಗುವಷ್ಟೇ ಜಾಗ. ಗೋಡೆಗೊರಗಿ ತಂತಿಬಲೆಯ ಪಂಜರ ನಿಂತಿತ್ತು, ಪಕ್ಕದಲ್ಲಿ ಉಷ್ಣಮಾಪಕ. ಪಂಜರ ಉರುಳದಂತೆ ಒಂದು ಕಲ್ಲಿನ ಮೂತಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು. ಕೆಂಪು ಚೌಕುಳಿ. ರೇವಣನ ಟವೆಲಿನ ಅಂಚು. ಆ ಟವೆಲ್ ಮನೆಯ ಬೀರುವಿನಲ್ಲಿದೆ, ಅಂಚು ಹರಿದದ್ದು ಏಕೆಂದು ಯಾರಿಗೂ ಗೊತ್ತಿರಲಿಲ್ಲ.

ಗಂಟು ಎಡಚನದು. ಚಿಕ್ಕಂದಿನಲ್ಲಿ ಅವಳ ಬೂಟಿನ ಲೇಸು ಕಟ್ಟುತ್ತಿದ್ದವನು ಅವನೇ. ಅವನು ಕಟ್ಟಿದ್ದನ್ನು ಬಿಚ್ಚಲು ಶಾಲೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ತುಂಗಾಳ ಕೈ ಗಂಟಿನ ಮೇಲೆ ನಿಂತಿತು. ಬಿಚ್ಚಿದರೆ ಅದು ಮತ್ತೆ ಇಲ್ಲ.

ಮೊದಲು ಉಷ್ಣಮಾಪಕ. ಅದನ್ನು ಅಲುಗಿಸಿದರೆ ಕಡ್ಡಿಗಳು ಜಾರಿ ಇಡೀ ಚಳಿಗಾಲದ ಸಾಕ್ಷಿ ಅಳಿಸಿಹೋಗುತ್ತದೆ. ಹೊಟ್ಟೆಯ ಮೇಲೆ ಮಲಗಿ, ಮುಖ ಹತ್ತಿರ ಒಯ್ದು ಓದಿದಳು. ಅತಿ ಕಡಿಮೆ ಹದಿನಾಲ್ಕು. ಅತಿ ಹೆಚ್ಚು ಇಪ್ಪತ್ತಾರು. ಮನೆಯ ಕೋಣೆಗೂ ಇದಕ್ಕೂ ಒಂದೊಂದು ಡಿಗ್ರಿಯ ಅಂತರ, ಅಷ್ಟೇ. ಚಳಿ ಒಂದೇ ಇತ್ತು.

ಆಮೇಲೆ ಗೂಡುಗಳು. ಪತಂಗ ಹೊರಬಂದ ಗೂಡಿನ ತುದಿಯಲ್ಲಿ ಒದ್ದೆ ಕಲೆಯ ತೂತಿರುತ್ತದೆ. ಒಂದೊಂದನ್ನೇ ತಿರುಗಿಸಿ ನೋಡಿದಳು. ತೂತಿಲ್ಲ. ಒಂದರಲ್ಲೂ ಇಲ್ಲ. ಎರಡು ಮಾತ್ರ ಹಗುರ, ಅಲುಗಿಸಿದರೆ ಒಣಬೀಜದಂತೆ ಸದ್ದು. ಒಳಗಿನ ಜೀವ ಹೋಗಿತ್ತು. ಉಳಿದವು ಭಾರವಾಗಿದ್ದವು. ಆದರೆ ಹೊರಗೆ ಬಂದಿಲ್ಲವೆಂದ ಮಾತ್ರಕ್ಕೆ ಮಲಗಿವೆ ಎನ್ನುವಂತಿಲ್ಲ. ಒಳಗೇ ಎದ್ದು ರೆಕ್ಕೆ ಕಟ್ಟಿಕೊಳ್ಳುತ್ತಿರಬಹುದು. ತುದಿ ಕತ್ತರಿಸಿ ನೋಡಬೇಕು.

ಬ್ಲೇಡು ತೆಗೆಯಲು ಚೀಲಕ್ಕೆ ಕೈ ಹಾಕಿದವಳಿಗೆ ಮೂಗಿಗೆ ಏನೋ ಬಡಿಯಿತು.

ಹೊಗೆ.

ಹೊರಗಿನ ಗುಂಯ್ ಸದ್ದು ಒಮ್ಮೆಲೇ ದಪ್ಪವಾಯಿತು. ತಟ್ಟಿಯೊಂದು ಕರಿ ಸೆರಗಿನಂತೆ ಕಳಚಿಕೊಂಡು ಗಾಳಿಗೆ ಹಾರಿತು.

ತುಂಗಾ ಪಂಜರಕ್ಕೆ ಎದೆಯೊತ್ತಿ ಕೂತು ಕಂಬಳಿಯನ್ನು ತಲೆಯಿಂದ ಕಾಲಿನವರೆಗೂ ಹೊದ್ದಳು. ಒಂದು ಜೇನುಹುಳು ಆಗಲೇ ಕುತ್ತಿಗೆಗೆ ಕಚ್ಚಿತ್ತು. ಇನ್ನೊಂದು ಮಣಿಕಟ್ಟಿಗೆ. ಹಲ್ಲು ಕಚ್ಚಿದಳು. ಅಲುಗಿದರೆ ಮುಗಿಯಿತು.

ಕಂಬಳಿಯ ಮೇಲೆ ಆಲಿಕಲ್ಲು ಬಿದ್ದಂತೆ ಪಟಪಟ ಸದ್ದು.

ಮೇಲೆ ಅವರಿಬ್ಬರಿಗೆ ಕಂಬಳಿಯಿಲ್ಲ.

ಅದು ನೆನಪಾದ ಕೂಡಲೇ ಅವಳು ಹಗ್ಗದ ಮೇಲೆ ಕೈಯಿಟ್ಟಳು. ಹಗ್ಗ ಬಿಗಿಯಾಗಿತ್ತು. ನಡುಗುತ್ತಿತ್ತು, ಆದರೆ ಬಿಗಿಯಾಗಿತ್ತು. ಮೇಲೆ ಯಾರೋ ಹಿಡಿದೇ ಇದ್ದರು.

ಕಂಬಳಿಯ ಕತ್ತಲಲ್ಲಿ ಎಷ್ಟು ಹೊತ್ತು ಕಳೆಯಿತೋ ಅವಳಿಗೆ ತಿಳಿಯಲಿಲ್ಲ. ಎದೆಯ ಹತ್ತಿರ ಗೂಡುಗಳು, ತಣ್ಣಗೆ. ಹೊರಗೆ ಬೆಟ್ಟ ಉರಿಯುತ್ತಿದೆ, ಜೇನು ಹುಚ್ಚೆದ್ದಿದೆ. ಇವಕ್ಕೆ ಒಂದೂ ತಿಳಿಯದು. ಅಣ್ಣನ ಹೆಣ ತಂದ ದಿನ ಅವಳೂ ಹೀಗೇ ಮಲಗಬೇಕೆಂದುಕೊಂಡಿದ್ದಳು, ಊಟವಿಲ್ಲದೆ, ಅಲುಗಾಟವಿಲ್ಲದೆ, ಯಾರಾದರೂ ಬಂದು ಈಗ ಏಳಬಹುದು ಎನ್ನುವ ತನಕ. ಅಲ್ಲಿ, ಆ ಕಂಬಳಿಯಡಿ, ಅವನು ಕಡೆಯದಾಗಿ ಕೂತ ಕಲ್ಲಿನ ಮೇಲೆ ಕೂತು ಅವಳು ಅತ್ತಳು. ಅಲುಗದೆ ಅತ್ತಳು.

ಗಾಳಿ ತಿರುಗಿತು. ಪಟಪಟ ಸದ್ದು ಕಡಿಮೆಯಾಯಿತು, ನಿಂತಿತು.

ಕೆಂಪು ಗಂಟನ್ನು ಬಿಚ್ಚಿದಳು. ಪಟ್ಟಿಯನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು, ಪಂಜರವನ್ನು ಬೆನ್ನಿಗೆ ಬಿಗಿದು, ಹಗ್ಗವನ್ನು ಎರಡು ಸಲ ಜಗ್ಗಿದಳು.

ಅಂಚಿನ ಮೇಲೆ ಅವಳನ್ನು ಎಳೆದುಕೊಂಡ ಮನುಷ್ಯನನ್ನು ಅವಳು ಗುರುತಿಸಲಿಲ್ಲ. ಕಣ್ಣು ಮುಚ್ಚಿಹೋಗಿತ್ತು, ತುಟಿ ಊದಿ ಮುಖವೆಲ್ಲ ಹಲಸಿನ ಹಣ್ಣಾಗಿತ್ತು.

"ವೆಂಕಟಣ್ಣ?"

"ನಾನೇ. ಹೆಂಡ್ತಿ ಮನೆ ಒಳಗೆ ಬಿಡಲ್ಲ ಇವತ್ತು," ಎಂದ ಅವನು, ಊದಿದ ಬಾಯಲ್ಲಿ.

"ಹಗ್ಗದ ಮ್ಯಾಲೆ ಬೋರಲು ಬಿದ್ಕೊಂಡ್ರು ತಾಯಿ, ಬಿಡ್ಲೇ ಇಲ್ಲ," ಎಂದ ಕೆಂಪಯ್ಯ. ಅವನು ಟವೆಲನ್ನು ದೊಣೆಯಲ್ಲಿ ಅದ್ದಿ ಅದ್ದಿ ವೆಂಕಟಸ್ವಾಮಿಯ ತಲೆಗೆ ಹೊದಿಸಿದ್ದ. ಅವನ ಕೈಗಳೂ ಊದಿದ್ದವು. "ಸಂಜೆ ಅಂದವ್ರು ಮಧ್ಯಾಹ್ನಕ್ಕೇ ಇಟ್ಬಿಟ್ಟವ್ರೆ. ಬೇಗ ನಡೀರಿ."

"ಎದ್ದಿವೆಯಾ?" ವೆಂಕಟಸ್ವಾಮಿ ಕೇಳಿದ.

"ಹೊರಗೆ ಬಂದಿಲ್ಲ. ಒಳಗೆ ಎದ್ದಿವೆಯೋ ಏನೋ, ಕತ್ತರಿಸಿ ನೋಡಬೇಕು. ಅವ್ವನ ಎದುರಿಗೇ ನೋಡೋಣ."

ಕಂಬಳಿಯನ್ನು ದೊಣೆಯಲ್ಲಿ ನೆನೆಸಿ ಪಂಜರಕ್ಕೆ ಸುತ್ತಿದರು, ಒಂದೇ ಹಗ್ಗವನ್ನು ಮೂವರೂ ಸೊಂಟಕ್ಕೆ ಕಟ್ಟಿಕೊಂಡರು. ಬೋಳು ಬಂಡೆಯ ಅರ್ಧಕ್ಕೆ ಬಂದಾಗ ಕೆಳಗಿನ ಹುಲ್ಲಿನಲ್ಲಿ ಬೆಂಕಿಯ ಸಾಲು ಕಂಡಿತು, ಸರಸರ ಹತ್ತುತ್ತಿತ್ತು.

"ಹಗ್ಗ ಬಿಚ್ಚು ತುಂಗಾ. ಇನ್ನೇನು ಕಷ್ಟ ಇಲ್ಲ. ಓಡೋಣ," ಎಂದ ವೆಂಕಟಸ್ವಾಮಿ.

ಅವಳ ಕೈ ಗಂಟಿನ ಕಡೆ ಹೋಗಿತ್ತು. ಕಾಲ ಪಕ್ಕದಲ್ಲಿ ಅರ್ಧ ಅಳಿಸಿದ ವಿಭೂತಿ.

"ಇಲ್ಲ," ಎಂದಳು. "ಅವ್ವ ಬೇಡ ಅಂದಿದಾರೆ."

ಮೂವರೂ ಹಗ್ಗದಲ್ಲೇ ಇಳಿದರು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಗಾಳಿ ತಂದು ಸುರಿದ ಬೂದಿಯ ಮೇಲೆ ಅವಳ ಹಿಮ್ಮಡಿ ಜಾರಿತು. ಬಂಡೆ ಮೇಲಕ್ಕೆ ಓಡಿತು, ಆಕಾಶ ತಿರುಗಿತು. ಸೊಂಟಕ್ಕೆ ಹಗ್ಗ ಬಿಗಿದು ಉಸಿರು ಕಟ್ಟಿತು.

ನಿಂತಳು. ಹಗ್ಗ ಹಿಡಿದಿತ್ತು.

ವೆಂಕಟಸ್ವಾಮಿ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

ಹುಲ್ಲು ತೆಳ್ಳಗಿದ್ದ ಕಡೆ ಕೆಂಪಯ್ಯ ಹಸಿ ಎಲಚಿ ರೆಂಬೆಯಿಂದ ಬೆಂಕಿಯನ್ನು ಬಡಿದು ಬಾಗಿಲಿನಷ್ಟು ಜಾಗ ಮಾಡಿದ. "ಈಗ," ಎಂದ. ತಲೆ ಬಗ್ಗಿಸಿ ನುಗ್ಗಿದರು. ಮುಖಕ್ಕೆ ಒಲೆಯ ಬಾಯಿ ತೆರೆದಂತಾಯಿತು, ಹುಬ್ಬು ಸುಟ್ಟ ವಾಸನೆ ಬಂತು. ಮರುಕ್ಷಣ ಕಾಲ ಕೆಳಗೆ ಸುಟ್ಟು ಕರಿಯಾದ, ಇನ್ನು ಉರಿಯಲಾರದ ನೆಲ. ಕಂಬಳಿಯಿಂದ ಆವಿ ಏಳುತ್ತಿತ್ತು. ತುಂಗಾ ಒಳಗೆ ಕೈಯಿಟ್ಟು ನೋಡಿದಳು. ಗೂಡುಗಳು ತಣ್ಣಗಿದ್ದವು.

ಹೊತ್ತು ಇಳಿಯುವಾಗ ಮನೆ ಸೇರಿದರು. ಬಾಗಿಲಲ್ಲೇ ಕೂತಿದ್ದ ಕಲ್ಯಾಣಮ್ಮ ಮೊದಲು ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಪಕ್ಕದವನನ್ನು.

"ಇವರ್ಯಾರು?"

"ನಾನೇ ಅಮ್ಮ, ವೆಂಕಟಸ್ವಾಮಿ."

"ಶಿವಶಿವಾ." ಒಳಗೆ ಹೋಗಿ ಸುಣ್ಣದ ಡಬ್ಬಿ ತಂದು, ಅವನ ಮುಖಕ್ಕೆ ಹಚ್ಚುತ್ತಲೇ ಕೇಳಿದರು, "ಏನಾತು?"

ತುಂಗಾ ಹಿತ್ತಲಿಗೆ ಹೋದಳು. ಅಲ್ಲಿ ಇನ್ನೂ ಬೆಳಕಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಗೂಡನ್ನಿಟ್ಟು ಬ್ಲೇಡಿನಿಂದ ತುದಿಯನ್ನು ಮೆಲ್ಲಗೆ ಕೊಯ್ದಳು. ಗಟ್ಟಿ ಗೂಡು. ಜೇನು ಕಚ್ಚಿದ ಕೈ ಬಗ್ಗುತ್ತಿರಲಿಲ್ಲ. ಕಲ್ಯಾಣಮ್ಮ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಎದ್ದಿದ್ದರೆ ಹುಳುವಿನ ತಲೆ ಕಪ್ಪಾಗಿ, ಚರ್ಮದಡಿ ಕಣ್ಣುಗಳು ಮೂಡಿರುತ್ತವೆ. ಮಲಗಿದ್ದರೆ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಗಾಜಿನಂತೆ ತಿಳಿಯಾಗಿರುತ್ತದೆ.

ಮುಚ್ಚಳ ಎದ್ದಿತು. ತುಂಗಾ ಗೂಡನ್ನು ಪಡುವಲಿನ ಬೆಳಕಿಗೆ ಹಿಡಿದಳು.

ಕಂದು ತಲೆ. ನೆತ್ತಿಯಲ್ಲಿ ತಿಳಿ ಚುಕ್ಕೆ.

ಇನ್ನೊಂದನ್ನು ಕೊಯ್ದಳು. ಅದೂ ಹಾಗೇ.

"ಮಲಗೈತಾ?" ಕಲ್ಯಾಣಮ್ಮ ಪಿಸುಗುಟ್ಟಿದರು.

"ಮಲಗಿದೆ ಅವ್ವ. ಎಲ್ಲಾ ಮಲಗಿವೆ. ಚಳಿ ಎರಡೂ ಕಡೆ ಒಂದೇ ಇತ್ತು. ಇಲ್ಲಿದ್ದವನ್ನ ಎಬ್ಬಿಸಿದ್ದು ದೀಪಾನೇ. ಆ ತಿಳಿ ಚುಕ್ಕೆ ಇದೆಯಲ್ಲ, ಅಲ್ಲಿಂದ ಬೆಳಕು ಒಳಗೆ ಹೋಗುತ್ತೆ. ನಮ್ಮ ಕಡೆ ಹುಳಕ್ಕೂ ಬೆಳಕಿನ ಲೆಕ್ಕ ಗೊತ್ತು. ಒಂದು ಹಣತೆಯಷ್ಟಾದರೂ ಗೊತ್ತಾಗುತ್ತೆ. ಅಣ್ಣನಿಗೆ ಬೇಕಿದ್ದದ್ದು ಇಷ್ಟೇ. ನೀನು ಕೆಡಿಸಲಿಲ್ಲ."

ಬಾಗಿಲಲ್ಲಿ ನಿಂತಿದ್ದ ವೆಂಕಟಸ್ವಾಮಿ ಸುಣ್ಣ ಹಚ್ಚಿದ ಮುಖವನ್ನು ಆಚೆ ತಿರುಗಿಸಿಕೊಂಡ. ಕಲ್ಯಾಣಮ್ಮ ಆ ಪುಟ್ಟ ತಲೆಯನ್ನೇ ನೋಡುತ್ತಿದ್ದರು.

"ನಾನು ದೀಪ ಹಚ್ಚಿದ್ದು ಅವನಿಗೆ," ಎಂದರು. "ಎದ್ದಿದ್ದು ಹುಳ."

ತುಂಗಾ ರವಿಕೆಯಿಂದ ಕೆಂಪು ಪಟ್ಟಿ ತೆಗೆದು ಅವ್ವನ ಅಂಗೈಯಲ್ಲಿಟ್ಟಳು. ಯಾರದೆಂದು ಹೇಳಬೇಕಾಗಿರಲಿಲ್ಲ. ಕಲ್ಯಾಣಮ್ಮ ಅದನ್ನು ಮೂಗಿಗೆ ಹಿಡಿದರು. ಹೊಗೆಯ ವಾಸನೆ ಮಾತ್ರ ಬರುತ್ತಿತ್ತು.

"ಇವು ಎಂದು ಏಳಬೇಕು?" ಎಂದು ಕೇಳಿದರು.

"ಮುಂಗಾರಿಗೆ. ತಾವಾಗೇ."

"ಎಲ್ಲಿಡ್ತೀ?"

"ಅಣ್ಣನ ಕೋಣೇಲೇ ಇಡಬೇಕು ಅವ್ವ. ಆದ್ರೆ..."

ಕಲ್ಯಾಣಮ್ಮ ಎದ್ದು ಒಳಗೆ ಹೋದರು. ತುಂಗಾ ಪಂಜರ ಹಿಡಿದು ಹಿಂದೆಯೇ ಹೋದಳು. ಫೋಟೋದ ಹಾರದಿಂದ ಕಲ್ಯಾಣಮ್ಮ ಒಂದು ಹೂವು ಕಿತ್ತುಕೊಂಡರು. ಮಗನ ಮುಖವನ್ನು ಒಂದು ಸಲ ನೋಡಿ, ಹೂವಿನಿಂದ ಕುಡಿಯನ್ನು ಒತ್ತಿ ದೀಪವನ್ನು ಶಾಂತ ಮಾಡಿದರು. ಬತ್ತಿಯ ಹೊಗೆ ಸಣ್ಣ ಎಳೆಯಾಗಿ ಮೇಲೆ ಹೋಯಿತು.

ತುಂಗಾ ಕತ್ತಲಲ್ಲೇ ತಡವಿ ಗೂಡುಗಳನ್ನು ಮೊಳೆಗೆ ತೂಗುಹಾಕಿದಳು. ಆಗ ಎದುರುಮನೆಯವರು ಅಂದೇ ಹೊಸದಾಗಿ ಹಾಕಿಸಿದ್ದ ಹೊರಗಿನ ಬಲ್ಬು ಹೊತ್ತಿತು. ಕಿಟಕಿಯ ಸರಳುಗಳ ನೆರಳು ಗೋಡೆಯ ಮೇಲೆ ಬಿತ್ತು.

ಅವಳು ತಿರುಗುವಷ್ಟರಲ್ಲಿ ಕಲ್ಯಾಣಮ್ಮ ಹೋಗಿ ಕಿಟಕಿಯ ಬಾಗಿಲು ಮುಚ್ಚಿದ್ದರು.

"ಬೆಳಕು ಹರಿದ ಕೂಡಲೇ ನಾನೇ ಎದ್ದು ತೆಗೀತೀನಿ," ಎಂದರು. "ನೀನು ಮಲಗು."